ನೀಲಿ ಇದ್ದರೆ ಒಳ್ಳೆಯದೇ

ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರು ಮಾತಾಡುತ್ತಿದ್ದಷ್ಟು ಹೊತ್ತೂ ಅವನ ಗಮನ ತನ್ನ ಕಾಲಿನ ಮೇಲೇ ಇತ್ತು. ಬಲಗಾಲಿನ ಕಾಲುಚೀಲ ಕಪ್ಪು, ಎಡಗಾಲಿನದು ಕಡುನೀಲಿ. ಹಾಗಂತ ಹೆಂಡತಿ ಹೇಳಿದ್ದಳು. ಅವನಿಗೆ ಎರಡೂ ಒಂದೇ ಆಗಿ ಕಾಣುತ್ತಿದ್ದವು. ಬೆಳಿಗ್ಗೆ ಬಾಗಿಲಲ್ಲಿ ಕೂತು ಶೂ ಕಟ್ಟಿಕೊಳ್ಳುತ್ತಿದ್ದಾಗ ಅವಳು ಸೊಂಟದ ಮೇಲೆ ಕೈಯಿಟ್ಟು, "ಏನ್ರೀ ಇದು, ಒಂದೊಂದು ಕಾಲು ಒಂದೊಂದು ಮನೆಗೆ ಸೇರಿದ ಹಾಗಿದೆ," ಎಂದು ನಕ್ಕಿದ್ದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಊರವರ ಕಣ್ಣಿಗೆಲ್ಲ ಗಾಜು ಹಾಕಿ ಕಳಿಸುವವಳಿಗೆ ಗಂಡನ ಕಣ್ಣು ಎರಡು ವರ್ಷದಿಂದ ಕೈಗೆ ಸಿಕ್ಕಿಲ್ಲ. "ಹತ್ತು ನಿಮಿಷ ಬಂದು ಕೂತ್ಕೊಳ್ಳಿ ಅಂದ್ರೆ ಹಾಲು ಕುಡಿಯೋ ಮಗು ಥರ ಹಟ ಮಾಡ್ತೀರಿ. ವಯಸ್ಸಾದ್ಮೇಲೆ ಕಣ್ಣೊಳಗಿನ ಲೆನ್ಸು ಹಳದಿಗೆ ತಿರುಗುತ್ತೆ. ತಿಳಿನೀಲಿ ಇರೋದೆಲ್ಲಾ ನುಂಗಿಬಿಡುತ್ತೆ. ಇದೇನು ನಾಚಿಕೆ ವಿಷಯಾನಾ?" ಅವನು ಶೂವಿನ ದಾರವನ್ನು ಹರಿದುಹೋಗುವಷ್ಟು ಬಿಗಿದು, "ನನ್ನ ಕಣ್ಣು ನನ್ನ ಅನ್ನ. ಅದರ ತಂಟೆಗೆ ಬರಬೇಡ," ಎಂದು ಸಿಡುಕಿ ಎದ್ದು ಬಂದಿದ್ದ. ಕಾಲುಚೀಲ ಬದಲಿಸಲಿಲ್ಲ. ಬದಲಿಸಿದರೆ ಅವಳ ಮಾತು ಒಪ್ಪಿದ ಹಾಗಾಗುತ್ತಿತ್ತು.

"ಕೇಳಿಸ್ಕೋತಿದೀಯಾ?" ಎಂದರು ಮುಖ್ಯಸ್ಥರು.

"ಕೇಳಿಸ್ಕೋತಿದೀನಿ, ಸರ್."

"ನಾಲ್ಕು ಗಂಟೆಗೆ ಆ ಸಂಶೋಧನೆ ಹುಡುಗೀನ ಕರೆದಿದೀನಿ. ನಾವು ಮೂರು ಜನ ಕೂತ್ಕೋತೀವಿ. ಪ್ರಕಟಿಸಿದ ಲೇಖನ ವಾಪಸ್ ತಗೊಂಡ್ರೆ ಸದ್ದಿಲ್ಲದೆ ಮುಗಿಯುತ್ತೆ. ಇಲ್ಲ ಅಂದ್ರೆ ಮೇಲಕ್ಕೆ ಬರೀಬೇಕಾಗುತ್ತೆ. ಆಮೇಲೆ ಯಾವ ಪ್ರಯೋಗಾಲಯಾನೂ ಅವಳನ್ನ ಒಳಗೆ ಬಿಟ್ಕೊಳ್ಳಲ್ಲ."

"ಅಂಕಿ ಕಟ್ಟಿದಾಳೆ ಅಂತೀರಾ?"

"ಕಟ್ಟಿಲ್ಲ. ಆರಿಸಿದಾಳೆ. ಅದು ಇನ್ನೂ ಕೆಟ್ಟದ್ದು. ಮೂವತ್ತು ಸಲ ಮಾಡಿ ಹನ್ನೊಂದು ಸಲದ್ದನ್ನ ಗೀಚಿ ಬಿಸಾಕಿದಾಳೆ. ಪ್ರತಿಯೊಂದಕ್ಕೂ ಒಂದೇ ಕಾರಣ. ಗಾಳಿ ಸೇರಿದೆ, ಗಾಳಿ ಸೇರಿದೆ. ಈ ಕಟ್ಟಡದಲ್ಲಿ ಅಷ್ಟೊಂದು ಗಾಳಿ ಇದ್ದಿದ್ರೆ ನಮಗೆ ಫ್ಯಾನೇ ಬೇಕಾಗಿರಲಿಲ್ಲ."

ಅವನು ನಕ್ಕ. ನಕ್ಕಾದ ಮೇಲೆ ಆ ನಗು ತನ್ನ ಬಾಯಿಂದಲೇ ಬಂತೇ ಎಂದು ಅನುಮಾನವಾಯಿತು. ಇಪ್ಪತ್ತೈದು ವರ್ಷದ ಹಿಂದೆ ಇವರಿಬ್ಬರೂ ಒಂದೇ ಬೆಂಚಿನಲ್ಲಿ ಅಕ್ಕಪಕ್ಕ ನಿಂತು ಫ್ಲಾಸ್ಕ್ ತೊಳೆದವರು. ಆಗ ಇದೇ ಮನುಷ್ಯನ ಇಂಥದೇ ಜೋಕುಗಳಿಗೆ ಅವನು ನಗುತ್ತಿರಲಿಲ್ಲ. ಬದಲಿಗೆ ತಲೆಯ ಮೇಲೆ ಮೊಟಕುತ್ತಿದ್ದ. ಅವನ ಡಾಕ್ಟರೇಟ್ ಪ್ರಬಂಧ ನಾಲ್ಕನೆಯ ವರ್ಷಕ್ಕೆ ನಿಂತುಹೋಯಿತು, ಇವರದು ಮುಗಿಯಿತು. ಅಷ್ಟೇ ವ್ಯತ್ಯಾಸ. ಆ ಅಷ್ಟೇ ಎಂಬುದರಲ್ಲಿ ಒಬ್ಬ ಕುರ್ಚಿಗೆ ಹೋದ, ಇನ್ನೊಬ್ಬ ದ್ರಾವಕ ಕಾಯಿಸುವ ಕೋಣೆಗೆ ಬಂದ. ಒಬ್ಬ ನೀನು ಎನ್ನುವುದನ್ನು ಉಳಿಸಿಕೊಂಡ, ಇನ್ನೊಬ್ಬ ಸರ್ ಎನ್ನುವುದನ್ನು ಕಲಿತ. ಮುಖ್ಯಸ್ಥರು ಹೊರಡುವ ಮೊದಲು ಬಾಗಿಲ ಹತ್ತಿರ ನಿಂತು, "ಅವಳು ನಿನ್ನ ಹತ್ರ ಬಂದು ಅತ್ತರೆ ಕರಗಿಬಿಡಬೇಡ. ನಿನಗೂ ಇದಕ್ಕೂ ಸಂಬಂಧ ಇಲ್ಲ," ಎಂದರು. ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ.

ಸಂಬಂಧ ಇಲ್ಲ. ಹಾಗಾದರೆ ಬೆಳಿಗ್ಗೆ ಆ ಕಾಗದದ ವಿಷಯ ಕೇಳಿದಾಗಿನಿಂದ ಯಾಕೆ ಯಾವ ಕೆಲಸವೂ ಕೈಗೆ ಹತ್ತುತ್ತಿಲ್ಲ? ಕಾಗದ ಬಂದದ್ದು ಬೇರೊಂದು ಊರಿನ ಪ್ರಯೋಗಾಲಯದಿಂದ. ಹುಡುಗಿ ಪ್ರಕಟಿಸಿದ್ದನ್ನು ಓದಿ, ಅವಳು ಹೇಳಿದ ಅಳತೆಯಲ್ಲೇ, ಅವಳು ಹೇಳಿದ ದ್ರಾವಕದಲ್ಲೇ ಅವರು ಮಾಡಿ ನೋಡಿದ್ದರು. ಅವಳಿಗೆ ಅರ್ಧ ಗಂಟೆಯಲ್ಲಿ ಆದದ್ದು ಅವರಿಗೆ ಎರಡು ದಿನ ಕಾದರೂ ಆಗಲಿಲ್ಲ. ಬಹಳ ಸಭ್ಯವಾಗಿ ಬರೆದಿದ್ದರಂತೆ. 'ನಾವು ಎಲ್ಲೋ ತಪ್ಪಿರಬಹುದು' ಎಂದು ಬರೆದಿದ್ದರಂತೆ. ಈ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ.

ಅವನು ತನ್ನ ಕೋಣೆಯ ಸ್ಟೂಲಿನ ಮೇಲೆ ಕೂತ. ಗೋಡೆಗುಂಟ ಎರಡು ಗಾಜಿನ ಬಟ್ಟಿಗಳು, ಆಳೆತ್ತರದವು. ಕೆಳಗೆ ದುಂಡನೆಯ ಪಾತ್ರೆ, ಅದರ ಕೆಳಗೆ ಹೀಟರು, ಮೇಲೆ ಉದ್ದನೆಯ ಕೊಳವೆ, ತಣ್ಣೀರು ಹರಿಯುವ ಅಂಗಿ ತೊಟ್ಟ ಇನ್ನೊಂದು ಕೊಳವೆ, ನಡುವೆ ದ್ರಾವಕ ಬಂದು ತುಂಬುವ ಬುರುಡೆ. ಇಡೀ ಸರಂಜಾಮಿನೊಳಗೆ ಸದಾ ನೈಟ್ರೋಜನ್. ಪಾತ್ರೆಯಲ್ಲಿ ದ್ರಾವಕದ ಜೊತೆಗೆ ಸೋಡಿಯಂ ಚೂರುಗಳು, ಒಂದು ಚಮಚ ಬೆಂಜೋಫಿನೋನ್ ಎಂಬ ಬಿಳಿ ಪುಡಿ. ದ್ರಾವಕದಲ್ಲಿ ನೀರಿನ ಲವಲೇಶ ಇದ್ದರೂ ಪಾತ್ರೆ ಹಳದಿಯಾಗಿಯೋ ಕಂದಾಗಿಯೋ ಇರುತ್ತದೆ. ನೀರು, ಗಾಳಿ ಪೂರ್ತಿ ಹೋದ ಮೇಲೆ ಒಂದು ಗಳಿಗೆಯಲ್ಲಿ ಶಾಯಿ ಚೆಲ್ಲಿದ ಹಾಗೆ ನೀಲಿ ಏಳುತ್ತದೆ. ಆಮೇಲೆ ಕಾಯಿಸಿ ಇಳಿಸಿದ್ದು ಶುದ್ಧ, ಒಣ. ಹತ್ತೊಂಬತ್ತು ವರ್ಷದಿಂದ ಅವನು ಆ ನೀಲಿ ಏಳುವುದನ್ನು ನೋಡುತ್ತ ಬಂದಿದ್ದಾನೆ. ಅದಕ್ಕೇ ಹುಡುಗರೆಲ್ಲ ನೀಲಿ ಮಾಮ ಎನ್ನುತ್ತಾರೆ. ಯಾವ ತಾರೀಕಿಗೆ ಎಷ್ಟು ಇಳಿಸಿದೆ, ಯಾವ ಶಾಖದಲ್ಲಿ ಇಳಿಸಿದೆ ಎಂದು ಅವನು ಎಂದೂ ಬರೆದಿಟ್ಟವನಲ್ಲ. ಬರೆಯುವುದು ಕಣ್ಣಿಲ್ಲದವರ ಕೆಲಸ ಎಂದು ಹೇಳಿಕೊಂಡು ತಿರುಗಿದ್ದ.

ಹೀಟರಿನ ಗುಂಡಿಗೆ ಹತ್ತು ಗೆರೆಗಳು. ಮೂರಕ್ಕೆ ಇಟ್ಟರೆ ಹನಿ ಹನಿಯಾಗಿ, ಗಂಭೀರವಾಗಿ ಇಳಿಯುತ್ತದೆ. ಒಂದು ಬುರುಡೆ ತುಂಬಲು ಎರಡು ಗಂಟೆ ಬೇಕು. ಏಳಕ್ಕೆ ಇಟ್ಟರೆ ಇಪ್ಪತ್ತು ನಿಮಿಷ ಸಾಕು. ಆದರೆ ಏಳಕ್ಕೆ ಪಾತ್ರೆ ಕೆಮ್ಮುತ್ತದೆ. ಒಂದೊಂದು ಕೆಮ್ಮಿಗೆ ನೀಲಿಯ ಒಂದು ತುಂತುರು ಮೇಲೆ ಹಾರಿ ಬುರುಡೆಗೆ ಸೇರುತ್ತದೆ. ಸೇರಿದರೇನು, ತೊಟ್ಟು ಅಷ್ಟೇ, ಗಾಳಿ ಸೋಕಿದರೆ ಸಾಯುವಂಥದ್ದು ಎಂದು ಅವನು ಯಾವತ್ತೂ ತಲೆ ಕೆಡಿಸಿಕೊಂಡಿರಲಿಲ್ಲ. ಗಾಳಿ ಸೋಕದ ಹಾಗೆ ನೋಡಿಕೊಳ್ಳುವುದೇ ತನ್ನ ಕೆಲಸ, ಅದೂ ಆ ಹುಡುಗಿಯಂಥ ಕೈ ಜೋಪಾನವಾದವಳಿಗೆ ಕೊಟ್ಟರೆ ಆ ತೊಟ್ಟು ಸಾಯುವುದಾದರೂ ಹೇಗೆ ಎಂದು ಇವತ್ತಿನವರೆಗೆ ಹೊಳೆದಿರಲಿಲ್ಲ. ಅಥವಾ ಹೊಳೆದಿತ್ತೇ? ಯಾವುದೋ ಒಂದು ದಿನ ಬಾಗಿಲಲ್ಲಿ ನಿಂತು ಅವಳು ಬುರುಡೆಯನ್ನೇ ನೋಡುತ್ತ, "ಮಾಮ, ಇದರಲ್ಲಿ ಸ್ವಲ್ಪ ನೀಲಿ ಇದೆಯಲ್ಲ?" ಎಂದಿದ್ದಳು. ಅವನು ನೋಡಿದ. ಬುರುಡೆಯಲ್ಲಿ ನೀರಿನಷ್ಟು ತಿಳಿಯಾದ ದ್ರಾವಕ. ಇನ್ನೊಮ್ಮೆ ನೋಡಿದ. ಎಲ್ಲಿದೆ ನೀಲಿ? ಎಳೆಯ ಕಣ್ಣು ಕಂಡದ್ದು ತನ್ನ ಕಣ್ಣಿಗೆ ಕಾಣುತ್ತಿಲ್ಲ ಎಂದು ಹೇಳುವ ಬದಲು ಅವನ ನಾಲಿಗೆ ತಾನಾಗಿಯೇ ಹೊರಳಿತ್ತು: "ನೀಲಿ ಇದ್ದರೆ ಒಳ್ಳೇದೇ. ಒಣಗಿದೆ ಅನ್ನೋದಕ್ಕೆ ಸಾಕ್ಷಿ. ನಿನಗೆ ಒದ್ದೆ ಬೇಕಾಗಿತ್ತಾ?" ಅವಳು ನಾಚಿಕೊಂಡು ಫ್ಲಾಸ್ಕ್ ತುಂಬಿಸಿಕೊಂಡು ಹೋದಳು. ಅಥವಾ ಅದನ್ನು ಕೇಳಿದ್ದು ಅವಳಲ್ಲ, ಅವಳಿಗಿಂತ ಮೊದಲಿದ್ದ ಉದ್ದ ಕೂದಲಿನವನು. ಅಥವಾ ಯಾರೂ ಕೇಳಿರಲಿಲ್ಲ. ಬೆಳಿಗ್ಗೆ ಹೆಂಡತಿ ಹೇಳಿದ ತಿಳಿನೀಲಿ ಎಂಬ ಒಂದು ಮಾತು ಹೊಕ್ಕು ತಲೆಯಲ್ಲಿ ಇಷ್ಟೆಲ್ಲ ಸಂಸಾರ ಹೂಡಿಬಿಟ್ಟಿದೆ.

ಹುಡುಗಿ ಮಾಡುತ್ತಿದ್ದ ಕೆಲಸ ಅವನಿಗೆ ತಿಳಿಯದ್ದಲ್ಲ. ರುಥೇನಿಯಂನ ಮೂರು ಪರಮಾಣುಗಳು ಕೈ ಕೈ ಹಿಡಿದು ತ್ರಿಕೋನವಾಗಿ ನಿಂತಿರುತ್ತವೆ. ಅವುಗಳ ಸುತ್ತ ಹನ್ನೆರಡು ಕಾರ್ಬನ್ ಮಾನಾಕ್ಸೈಡ್ ಅಂಟಿಕೊಂಡಿರುತ್ತವೆ. ಕಿತ್ತಳೆ ಬಣ್ಣದ ಹರಳು, ನೋಡಲು ಚೆಂದ. ಅದಕ್ಕೆ ಫಾಸ್ಫೀನ್ ಕೊಟ್ಟರೆ ಹನ್ನೆರಡರಲ್ಲಿ ಒಂದು ಬಿಟ್ಟು ಹೋಗಿ ಆ ಜಾಗದಲ್ಲಿ ಫಾಸ್ಫೀನ್ ಕೂರುತ್ತದೆ. ಹೀಗೆ ಲೋಹಕ್ಕೆ ಅಂಟಿ ಕೂರುವುದಕ್ಕೆಲ್ಲ ಲಿಗ್ಯಾಂಡ್ ಎಂದು ಹೆಸರು. ಇಡೀ ಜಗಳ ಇರುವುದು ಒಂದೇ ಪ್ರಶ್ನೆಯಲ್ಲಿ. ಹೊಸದಾಗಿ ಬಂದ ಹುಡುಗರಿಗೆ ಅವನೇ ಅದನ್ನು ಹೇಳಿಕೊಡುತ್ತಿದ್ದ: "ತುಂಬಿದ ಬಸ್ಸು. ಹಳಬ ಎದ್ದು ಇಳಿದ ಮೇಲೆ ಹೊಸಬ ಕೂತನೋ, ಇಲ್ಲ ಹೊಸಬನೇ ತೊಡೆ ಮೇಲೆ ಕೂತು ಹಳಬನ್ನ ಎಬ್ಬಿಸಿದನೋ? ಅಷ್ಟು ಕಂಡುಹಿಡೀರಿ, ಡಾಕ್ಟರೇಟ್ ಕೊಡ್ತಾರೆ." ಈ ಮೂರು ಪರಮಾಣುಗಳ ಗೊಂಚಲಿನಲ್ಲಿ, ಬಿಸಿ ಮಾಡದೆಯೂ, ಹೊಸಬನೇ ಎಬ್ಬಿಸುತ್ತಾನೆ ಎಂದು ಹುಡುಗಿ ತೋರಿಸಿದ್ದಳು. ಹತ್ತೊಂಬತ್ತು ಸಲ ಅಳೆದು ತೋರಿಸಿದ್ದಳು. ಮೂರು ವರ್ಷ. ಮದುವೆ ಮುಂದೂಡಿದ್ದಳು ಎಂದು ಯಾರೋ ಹೇಳಿದ್ದರು. ಮುಂದೂಡಿ ಮುಂದೂಡಿ ಆ ಗಂಡು ಬೇರೆ ಬಸ್ಸು ಹತ್ತಿದ ಎಂದೂ ಹೇಳಿದ್ದರು.

ಊಟದ ಹೊತ್ತಿಗೆ ಕಾರಿಡಾರ್ ಖಾಲಿಯಾಯಿತು. ಅವನು ಬ್ರೆಡ್ಡಿನ ಡಬ್ಬಿಯನ್ನು ತೆರೆಯಲೂ ಇಲ್ಲ. ನಿನ್ನೆ ಸಾವಧಾನವಾಗಿ ಮೂರರಲ್ಲಿ ಇಳಿಸಿಟ್ಟ ದ್ರಾವಕ ಒಂದು ಸೀಸೆ ಇತ್ತು. ಈಗ ಎಡಗಡೆಯ ಬಟ್ಟಿಯ ಗುಂಡಿಯನ್ನು ಏಳಕ್ಕೆ ತಿರುಗಿಸಿ ಎದುರಿಗೆ ನಿಂತ. ಸ್ವಲ್ಪ ಹೊತ್ತಿಗೆ ಪಾತ್ರೆ ಗೊಳಗುಟ್ಟಿತು, ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು. ಬುರುಡೆ ತುಂಬಿತು. ಅದರ ಹಿಂದೆ ಒಂದು ಬಿಳಿ ಹಾಳೆ ಹಿಡಿದು ನೋಡಿದ. ಬಿಳಿ. ಕನ್ನಡಕವಿಲ್ಲದ ಕಣ್ಣನ್ನು ಕಿರಿದು ಮಾಡಿ, ಹಿಗ್ಗಿಸಿ, ಒಂದನ್ನು ಮುಚ್ಚಿ ಇನ್ನೊಂದರಿಂದ ನೋಡಿದ. ಹಾಳೆ ಎಷ್ಟು ಬಿಳಿಯೋ ದ್ರಾವಕದ ಹಿಂದೆಯೂ ಅಷ್ಟೇ ಬಿಳಿ. ಹೋಗಲಿ, ಯಾರನ್ನಾದರೂ ಕರೆದು ಇದು ನೀಲಿಯೇ ಎಂದು ಕೇಳಬಹುದಿತ್ತು. ಪಕ್ಕದ ಕೋಣೆಯಲ್ಲಿ ಗುಡಿಸುವವಳು ಇದ್ದಳು. ಅವಳನ್ನು ಕರೆಯಲು ಬಾಗಿಲ ತನಕ ಹೋಗಿ ತಿರುಗಿ ಬಂದ. ಹತ್ತೊಂಬತ್ತು ವರ್ಷದ ನೀಲಿ ಮಾಮ, ನೀಲಿ ಎಲ್ಲಿದೆ ತೋರಿಸಮ್ಮ ಎಂದು ಕೇಳುವುದೇ?

ಎರಡು ಸಣ್ಣ ಫ್ಲಾಸ್ಕ್ ತೆಗೆದುಕೊಂಡ. ಎರಡಕ್ಕೂ ಒಂದೊಂದು ಚಿಟಿಕೆ ಕಿತ್ತಳೆ ಹರಳು, ತೂಗಿ ತೂಗಿ ಒಂದೇ ಸಮ. ಎರಡಕ್ಕೂ ಫಾಸ್ಫೀನ್. ಎಡಗಡೆಯದಕ್ಕೆ ನಿನ್ನೆಯ ದ್ರಾವಕ, ಬಲಗಡೆಯದಕ್ಕೆ ಈಗಿನದು. ತನ್ನ ಸ್ವಂತ ಪ್ರಯೋಗ ಎಂದು ಫ್ಲಾಸ್ಕ್ ಹಿಡಿದು ಎಷ್ಟು ವರ್ಷವಾಗಿತ್ತು. ಮೊದಮೊದಲು ಎರಡೂ ಅಕ್ಕತಂಗಿಯರ ಹಾಗೆ ಒಂದೇ ಬಣ್ಣದಲ್ಲಿದ್ದವು, ಮತ್ತು ಅವನಿಗೆ ಸಮಾಧಾನವಾಯಿತು. ನೋಡು, ಸುಮ್ಮನೆ ತಲೆ ಕೆಡಿಸಿಕೊಂಡೆ, ಹುಡುಗಿಯೇ ಏನೋ ಮಾಡಿಕೊಂಡಿದ್ದಾಳೆ ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು, ಆದರೆ ಸಮಾಧಾನ ಮಾತ್ರ ಹೋಗಲಿಲ್ಲ. ಹತ್ತು ನಿಮಿಷಕ್ಕೆ ಬಲಗಡೆಯದು ಒಂದಿಷ್ಟು ಕಪ್ಪಿಟ್ಟಿತು. ಇಪ್ಪತ್ತು ನಿಮಿಷಕ್ಕೆ ಕಿತ್ತಳೆ ಹೋಗಿ ಕೆಂಪು. ಕೆಂಪು ಅವನಿಗೆ ಚೆನ್ನಾಗಿ ಕಾಣುತ್ತದೆ. ಗಾಜಿನ ಕಡ್ಡಿಯಿಂದ ಎರಡರ ಒಂದೊಂದು ಚುಕ್ಕೆಯನ್ನು ಒಂದೊಂದು ವಸ್ತುವನ್ನು ಒಂದೊಂದು ಎತ್ತರಕ್ಕೆ ಏರಿಸಿ ಬೇರ್ಪಡಿಸುವ ತೆಳು ಪದರದ ಹಾಳೆಯ ಮೇಲಿಟ್ಟು ಏರಲು ಬಿಟ್ಟ. ಎಡಗಡೆಯ ಚುಕ್ಕೆ ಕಿತ್ತಳೆ ಹರಳಿನ ಹಳೆಯ ಜಾಗಕ್ಕೇ ಏರಿತು. ಬಲಗಡೆಯಲ್ಲಿ ಆ ಹಳೆಯ ಚುಕ್ಕೆ ಇರಲೇ ಇಲ್ಲ. ಕೆಳಗೆ ಹೊಸದೊಂದು ಕೂತಿತ್ತು.

ಹೊಸಬ ಹಳಬನನ್ನು ಎಬ್ಬಿಸಿರಲಿಲ್ಲ. ಹಳಬ ತಾನಾಗಿ ಎದ್ದಿರಲೂ ಇಲ್ಲ. ಕಣ್ಣಿಗೆ ಕಾಣದ ಆ ನೀಲಿಯ ತೊಟ್ಟಿನಿಂದ ಒಂದು ಎಲೆಕ್ಟ್ರಾನು ಹಾರಿ ಹೋಗಿ ಆಸನವನ್ನೇ ಒದ್ದು ಸಡಿಲ ಮಾಡಿತ್ತು. ತನಗೆ ಕಾಣದ್ದು ಇದೆ ಎಂಬುದಕ್ಕೆ ಎದುರಿಗೇ ಒಂದು ಫ್ಲಾಸ್ಕ್ ಕೆಂಪಗೆ ನಿಂತಿತ್ತು. ಅವನು ಅದನ್ನೇ ನೋಡುತ್ತ, ಈ ನಾಲ್ಕೈದು ವರ್ಷದಲ್ಲಿ ತನಗೆ ಕಾಣದೆ ಇನ್ನೂ ಏನೇನು ಹೀಗೇ ನಡೆದುಹೋಗಿರಬಹುದು ಎಂದು ಯೋಚಿಸಲು ಹೊರಟು, ಯೋಚನೆ ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಕೂತ. ಹೆಂಡತಿ ಹೋದ ತಿಂಗಳು ಕೊಂಡ ಸೀರೆ, ಎರಡು ದಿನ ಅದೇ ಮಾತಾಡಿ ಮೂರನೆಯ ದಿನ ಸುಮ್ಮನಾದಳಲ್ಲ, ಅದರ ಬಣ್ಣ ಯಾವುದು? ಬಿಳಿ ಎಂದುಕೊಂಡಿದ್ದ. ಬಿಳಿ ಸೀರೆ ಯಾಕೆ ತಂದೆ, ನಾನಿನ್ನೂ ಬದುಕಿದೀನಿ ಎಂದು ರೇಗಿಯೂ ಇದ್ದ. ಅವಳು ಅದನ್ನು ಮಡಿಸಿ ಬೀರುವಿನಲ್ಲಿ ಇಟ್ಟುಬಿಟ್ಟಿದ್ದಳು.

ಎರಡೂವರೆಗೆ ಮುಖ್ಯಸ್ಥರ ಕೋಣೆಗೆ ಹೋದ. ಕೈಯಲ್ಲಿ ಆ ತೆಳು ಹಾಳೆ. ಅವರು ಫೋನಿನಲ್ಲಿದ್ದರು, ಕೂರು ಎಂದು ಕುರ್ಚಿ ತೋರಿಸಿದರು. ಅವನು ನಿಂತೇ ಇದ್ದ. ಫೋನಿನಲ್ಲಿ ಬಟ್ಟಿಯ ಮಾತೇ ನಡೆದಿತ್ತು. ಕಾಯಿಸುವುದೇ ಬೇಡದ, ಬರೀ ಒಂದು ಉಕ್ಕಿನ ಕಂಬದೊಳಗಿಂದ ಹರಿಸಿ ದ್ರಾವಕ ಒಣಗಿಸುವ ಯಂತ್ರ ತರಿಸುವ ಮಾತು ಎರಡು ವರ್ಷದಿಂದ ಇತ್ತು. "ಆಗ ಅಲ್ಲಿ ಮನುಷ್ಯನೇ ಬೇಡ ನೋಡಿ," ಎನ್ನುತ್ತಿದ್ದರು ಮುಖ್ಯಸ್ಥರು, ಅವನತ್ತ ನೋಡಿ ಮುಗುಳ್ನಗುತ್ತ, ಅವನ ಬಗ್ಗೆಯೇ ಮಾತು ಎಂಬ ಪರಿವೆಯೇ ಇಲ್ಲದೆ. ಫೋನಿಟ್ಟು, "ಏನಯ್ಯ?" ಎಂದರು.

"ಏನಿಲ್ಲ, ಸರ್. ನೈಟ್ರೋಜನ್ ಸಿಲಿಂಡರ್ ಮುಗೀತಾ ಬಂತು."

"ಬರೆದು ಕೊಡು. ಅಷ್ಟಕ್ಕೆ ಮೇಲೆ ಹತ್ತಿ ಬಂದ್ಯಾ?" ಅವರ ಕಣ್ಣು ಕೈಯಲ್ಲಿದ್ದ ಹಾಳೆಯ ಮೇಲೆ ಬಿತ್ತು. "ಅದೇನು?"

"ಸುಮ್ನೆ. ಹಳೇದು."

ಮೆಟ್ಟಿಲಿಳಿಯುವಾಗ ತನ್ನನ್ನು ತಾನೇ ಕಪಾಳಕ್ಕೆ ಹೊಡೆದುಕೊಳ್ಳಬೇಕೆನಿಸಿತು. ಸಿಲಿಂಡರ್. ಹೇಡಿಗೆ ಸುಳ್ಳು ಹೇಳಲು ಕೂಡ ಒಳ್ಳೆಯದೊಂದು ಸಿಕ್ಕಲಿಲ್ಲ. ಹೇಳಿಬಿಟ್ಟರೆ ಏನಾಗುತ್ತದೆ? ಕಂಬ ಬರುತ್ತದೆ. ಬರಲಿ, ಅದು ಹೇಗೂ ಬರುತ್ತದೆ. ಆದರೆ ಅಲ್ಲಿಯವರೆಗೆ ಈ ಕಟ್ಟಡದಲ್ಲಿ ಯಾರೂ ಅವನು ಕೊಟ್ಟದ್ದನ್ನು ಎರಡನೆಯ ಸಲ ನೋಡದೆ ಬಳಸುತ್ತಿದ್ದರು. ಪ್ರಬಂಧ ಮುಗಿಸದವನ ಹತ್ತಿರ ಇದ್ದ ಪದವಿ ಎಂದರೆ ಅದೊಂದೇ. ಇನ್ನು ಮುಂದೆ ಪ್ರತಿ ಬುರುಡೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ. ಅವನ ಎದುರಿಗೆ ನೋಡುವುದಿಲ್ಲ, ಅವನು ಆಚೆ ತಿರುಗಿದಾಗ ನೋಡುತ್ತಾರೆ. ಅದಕ್ಕಿಂತ ಅವಳು ಕಳ್ಳಿ ಎನಿಸಿಕೊಳ್ಳುವುದೇ ವಾಸಿಯೇ? ಪ್ರಶ್ನೆಯನ್ನು ಇಷ್ಟು ಬತ್ತಲೆಯಾಗಿ ಕೇಳಿಕೊಂಡ ಮೇಲೂ ಉತ್ತರ ತಟ್ಟನೆ ಬರಲಿಲ್ಲ ಎಂಬುದು ಅವನನ್ನು ಹೆದರಿಸಿತು. ಕಾಲು ಮಾತ್ರ ತನ್ನ ಪಾಡಿಗೆ ಹುಡುಗಿಯ ಬೆಂಚಿನ ಕಡೆಗೆ ನಡೆದಿತ್ತು.

ಅವಳು ಬೆಂಚನ್ನು ಒರೆಸುತ್ತಿದ್ದಳು. ಒರೆಸಿದ್ದನ್ನೇ ಒರೆಸುತ್ತಿದ್ದಳು. ಪಕ್ಕದಲ್ಲಿ ಗಟ್ಟಿ ರಟ್ಟಿನ ನೋಟ್‌ಬುಕ್ಕು. ಇವನನ್ನು ನೋಡಿ, "ಬನ್ನಿ ಮಾಮ. ಹೆಣ ನೋಡೋಕೆ ಬೆಳಗಿನಿಂದ ಎಲ್ಲಾ ಬಂದು ಹೋದ್ರು, ನೀವೊಬ್ರು ಬಾಕಿ ಇದ್ರಿ," ಎಂದಳು.

"ನಿನ್ನ ಹತ್ರ ಒಂದು ಕೇಳಬೇಕು. ನೀನು ಯಾವತ್ತಾದ್ರೂ ನನ್ನ ಹತ್ರ, ಬುರುಡೆಯಲ್ಲಿ ನೀಲಿ ಇದೆ ಅಂತ ಹೇಳಿದ್ಯಾ?"

"ಮೂರು ಸಲ ಹೇಳಿದೀನಿ."

"ಮೂರು ಸಲಾನಾ?"

"ಮೂರನೇ ಸಲ ನೀವು, ನಿಮ್ಮಪ್ಪನಿಗೆ ಹೇಳು ಅಂದ್ರಿ. ಆಮೇಲೆ ಹೇಳೋದು ಬಿಟ್ಟೆ."

ಅವನಿಗೆ ಆ ಎರಡು ಸಲದ ನೆನಪಿರಲಿಲ್ಲ. ಅಪ್ಪನ ಮಾತಿನ ನೆನಪಂತೂ ಇಲ್ಲವೇ ಇಲ್ಲ. ಆದರೆ ಅದು ತನ್ನ ಬಾಯಿಯ ಮಾತೇ ಎಂಬುದರಲ್ಲಿ ಅನುಮಾನವೂ ಇರಲಿಲ್ಲ. ತೆಳು ಹಾಳೆಯನ್ನು ಅವಳ ಮುಂದಿಟ್ಟು, ಮೂರು ಮತ್ತು ಏಳು, ಕೆಮ್ಮು, ಎರಡು ಫ್ಲಾಸ್ಕ್, ಎಲ್ಲವನ್ನೂ ಹೇಳಿದ. ಕಣ್ಣಿನ ವಿಷಯ ಕೊನೆಗೆ ಹೇಳಿದ, ಬಹಳ ಬೇಗ ಬೇಗ, ಬೇರೆ ಯಾರದೋ ಕಾಯಿಲೆಯ ಸುದ್ದಿ ಹೇಳುವ ಹಾಗೆ. ಹೇಳುವಾಗ ಎಲ್ಲೋ ಒಳಗೆ, ಅವಳು ಅಳುತ್ತಾಳೆ, ಕೈ ಹಿಡಿದುಕೊಳ್ಳುತ್ತಾಳೆ, ಬದುಕಿಸಿದಿರಿ ಎನ್ನುತ್ತಾಳೆ ಎಂಬ ಆಸೆ ಇತ್ತು. ಅವಳು ಹಾಳೆಯನ್ನು ಎತ್ತಿ ನೋಡಿದಳು. ಹೊಸ ಚುಕ್ಕೆಯ ಮೇಲೆ ಉಗುರಿಟ್ಟಳು.

"ಅಂದ್ರೆ ಇದು ಫಾಸ್ಫೀನ್ ಮಾಡಿದ್ದಲ್ಲ."

"ಅಲ್ಲ."

"ನಾನು ಅಳೆದದ್ದೆಲ್ಲಾ ನಿಮ್ಮ ಹೀಟರ್ ಗುಂಡಿನ. ಮೂರು ವರ್ಷ."

"ನೀನು ಕದ್ದಿಲ್ಲ ಅಂತಾಯ್ತಲ್ಲ."

"ನಾನು ಕದ್ದಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು, ಮಾಮ." ಅವಳ ದನಿ ಏರಲಿಲ್ಲ. "ಅವರು ಮೂರು ಜನ ಏನೇ ಅಂದ್ರೂ ನನ್ನ ಅಂಕಿ ನಿಜ, ಇವತ್ತಲ್ಲ ನಾಳೆ ಯಾರೋ ಒಬ್ಬರು ಮಾಡಿ ನೋಡಿ ಹೌದು ಅಂತಾರೆ ಅಂದ್ಕೊಂಡು ಕೂತಿದ್ದೆ. ಅದನ್ನೂ ತಗೊಂಡು ಹೋಗೋಕೆ ಬಂದ್ರಾ?"

ಅವನಿಗೆ ರೇಗಿತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಇಷ್ಟು ಕಷ್ಟಪಟ್ಟು ಬತ್ತಲಾಗಿ ನಿಂತವನಿಗೆ ಒಂದು ಟವೆಲನ್ನಾದರೂ ಕೊಡುತ್ತಾರೆ. ಸುಮ್ಮನೆ ಹೋಗಿಬಿಡೋಣ ಎಂದು ತಿರುಗಿದವನು ತಿರುಗಿದಲ್ಲೇ ನಿಂತ. ತಾನು ಹೇಳಿದ್ದು ಅವಳಿಗಾಗಿಯೋ ಅಥವಾ ತನ್ನ ಭಾರ ಇಳಿಸಿಕೊಳ್ಳಲೋ? ಭಾರ ಇಳಿದೂ ಇರಲಿಲ್ಲ. ಗೋಡೆಯ ಗಡಿಯಾರ ಮೂರೂ ಹತ್ತು ತೋರಿಸುತ್ತಿತ್ತು. ಅವಳೂ ಅದನ್ನು ನೋಡಿದಳು. ಮತ್ತೆ ಬೆಂಚು ಒರೆಸಲು ಬಟ್ಟೆ ಎತ್ತಿಕೊಂಡು, ಹಾಗೇ ಇಟ್ಟಳು.

"ಆ ಹನ್ನೊಂದು," ಎಂದಳು. "ನಿಧಾನವಾಗಿ ನಡೆದದ್ದು. ಗಾಳಿ ಸೇರಿದೆ ಅಂತ ಗೀಚಿದ್ದು. ಗಾಳಿ ಸೇರಿದ್ದನ್ನ ನಾನೇನು ಕಣ್ಣಾರೆ ಕಂಡಿರಲಿಲ್ಲ. ಚೆನ್ನಾಗಿ ನಡೆದಿದ್ರೆ ಅರ್ಧ ಗಂಟೆಗೆ ಆಗಬೇಕಿತ್ತು, ಆಗಲಿಲ್ಲ, ಅಂದ್ಮೇಲೆ ಗಾಳಿ. ಹಾಗಂತ ನಂಬ್ಕೊಂಡಿದ್ದೆ." ಅವಳು ಮತ್ತೆ ಆ ತೆಳು ಹಾಳೆಯತ್ತ ನೋಡಿದಳು. "ಅವತ್ತೆಲ್ಲಾ ನೀವು ಮೂರರಲ್ಲಿ ಇಳಿಸಿದ್ರಾ?"

ಇದು ಅವನಿಗೆ ಹೊಳೆದಿರಲಿಲ್ಲ. ಸರಿಯಾದ ಪ್ರಯೋಗ ಎಂದರೆ ಅವಳು ಬಿಸಾಕಿದ ಆ ಹನ್ನೊಂದೇ. ಆ ದಿನಗಳಲ್ಲಿ ಅವನು ಸಾವಧಾನವಾಗಿ ಇಳಿಸಿದ್ದ, ಉಳಿದ ಹತ್ತೊಂಬತ್ತು ದಿನ ಅವಸರ ಮಾಡಿದ್ದ ಎಂದು ತೋರಿಸಿದರೆ, ಅವಳು ಆರಿಸಿದ್ದಲ್ಲ, ದ್ರಾವಕ ಆರಿಸಿದ್ದು ಎಂದಾಗುತ್ತದೆ. ಪ್ರಬಂಧದ ಒಂದು ಅಧ್ಯಾಯ ಹೋಗುತ್ತದೆ, ಹೆಸರು ಉಳಿಯುತ್ತದೆ. ಇನ್ನೊಂದು ವರ್ಷ ಕೊಟ್ಟಾರು.

"ಬರೆದಿಟ್ಟಿದೀರಾ?"

"ನಾನು ಬರೆಯಲ್ಲ."

"ಗೊತ್ತು. ಕಣ್ಣಿಲ್ಲದವರ ಕೆಲಸ." ಅದನ್ನು ಅವಳು ಚುಚ್ಚಲೆಂದು ಹೇಳಲಿಲ್ಲ, ಅವನ ಮಾತನ್ನು ಅವನಿಗೇ ವಾಪಸ್ ಕೊಟ್ಟಳು, ಅಷ್ಟೇ. ನೋಟ್‌ಬುಕ್ಕನ್ನು ಅವನ ಮುಂದೆ ತೆರೆದಳು. "ನೆನಪಿಂದ ಹೇಳಿ. ತಾರೀಕು ಇದೆ, ವಾರ ಇದೆ."

ಪುಟದ ಎಡಕ್ಕೆ ತಾರೀಕು, ಬಲಕ್ಕೆ ಎಷ್ಟು ನಿಮಿಷವಾಯಿತು ಎಂಬ ಅಂಕಿ. ಗೀಚಿದ ಸಾಲುಗಳು ಕೆಂಪು ಶಾಯಿಯಲ್ಲಿ ದೂರದಿಂದಲೇ ಎದ್ದು ಕಾಣುತ್ತಿದ್ದವು. ಎಷ್ಟು ಸುಲಭ. ಕೆಂಪು ಗೆರೆ ಇದ್ದರೆ ಮೂರು, ಇಲ್ಲದಿದ್ದರೆ ಏಳು. ಎರಡು ನಿಮಿಷದ ಕೆಲಸ. ಮೂವತ್ತಕ್ಕೆ ಮೂವತ್ತೂ ಹೊಂದುತ್ತದೆ, ಮೇಲಿನ ಮೂವರು ತಲೆದೂಗುತ್ತಾರೆ, ಹುಡುಗಿ ಬದುಕುತ್ತಾಳೆ. ತಪ್ಪು ತನ್ನದು, ಸುಳ್ಳೂ ತನ್ನದೇ, ಬೇರೆ ಯಾರಿಗೆ ನಷ್ಟ? ಅವನು ಮೊದಲ ಸಾಲಿನ ಮೇಲೆ ಬೆರಳಿಟ್ಟ. ಕೆಂಪು ಗೆರೆ ಇರಲಿಲ್ಲ. ಏಳು ಎನ್ನಲು ಬಾಯಿ ತೆರೆದ. ಆ ದಿನ ನಿಜವಾಗಿಯೂ ಏಳೇ ಇರಬಹುದಿತ್ತು. ಆದರೆ ಈಗ ಅದನ್ನು ಹೇಳುತ್ತಿದ್ದದ್ದು ನೆನಪಲ್ಲ, ಗೆರೆ. ಬೇಡದ್ದಕ್ಕೆಲ್ಲ ಗಾಳಿ ಸೇರಿದೆ ಎಂದು ಬರೆದ ಈ ಹುಡುಗಿಗಿಂತ ಅದು ಯಾವ ರೀತಿಯಲ್ಲಿ ಬೇರೆ ಎಂದು ಅವನಿಗೆ ತಿಳಿಯಲಿಲ್ಲ. ಬೇರೆಯಲ್ಲ ಎಂದು ಮಾತ್ರ ತಿಳಿಯಿತು.

ನೋಟ್‌ಬುಕ್ಕನ್ನು ಅವಳ ಕಡೆಗೆ ತಿರುಗಿಸಿ ತಳ್ಳಿದ. "ನನಗೆ ತೋರಿಸಬೇಡ. ನೀನೂ ಅಂಕಿ ಮುಚ್ಕೊ. ತಾರೀಕು ಮಾತ್ರ ಓದು."

"ನೀವು ತಪ್ಪು ಹೇಳಿದ್ರೆ?"

"ತಪ್ಪು ಅಂತ ಬರಿ."

ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಒಂದು ರಟ್ಟಿನಿಂದ ಪುಟದ ಬಲಭಾಗವನ್ನು ಮುಚ್ಚಿ, ಕೆಂಪು ಗೆರೆಯ ಬಾಲವೂ ಕಾಣದ ಹಾಗೆ ಇನ್ನೊಂದು ಹಾಳೆಯನ್ನು ಅಂಚಿಗೆ ಸೇರಿಸಿ, ಪೆನ್ಸಿಲ್ ಹಿಡಿದು ಓದತೊಡಗಿದಳು. ಫೆಬ್ರವರಿ ಆರು, ಮಂಗಳವಾರ. ಗೊತ್ತಿಲ್ಲ. ಫೆಬ್ರವರಿ ಎಂಟು, ಗುರುವಾರ. ಅವನು ಕಣ್ಣು ಮುಚ್ಚಿದ. ಗುರುವಾರಗಳೆಲ್ಲ ಒಂದರ ಮೇಲೊಂದು ಬಿದ್ದಿದ್ದವು. ಗೊತ್ತಿಲ್ಲ. ಫೆಬ್ರವರಿ ಹತ್ತೊಂಬತ್ತು, ಸೋಮವಾರ. ತಂಗಿ ಮನೆ ಬದಲಿಸಿದ ದಿನವೇ? ಅದು ಭಾನುವಾರ, ಮರುದಿನ ಸೊಂಟ ಹಿಡಿದು, ಸ್ಟೂಲಿನಿಂದ ಏಳಲಾಗದೆ ಇಡೀ ದಿನ ಬಟ್ಟಿಯ ಮುಂದೆ ಕೂತೇ ಇದ್ದ. ಹೊರಗೆ ಹೋಗುವ ಅವಸರವೇ ಇರಲಿಲ್ಲ. "ಮೂರು," ಎಂದ. ಅವಳು ಬರೆದಳು. ಮಾರ್ಚಿ ನಾಲ್ಕು. ಗೊತ್ತಿಲ್ಲ. ಮಾರ್ಚಿ ಐದು. ಹಲ್ಲು ಕೀಳಿಸಿಕೊಂಡದ್ದು; ಹನ್ನೊಂದಕ್ಕೆ ಅಲ್ಲಿರಬೇಕಿತ್ತು, ಹತ್ತೂವರೆಗೆ ಬುರುಡೆ ತುಂಬಿರಲೇಬೇಕಿತ್ತು. "ಏಳು." ಕೆನ್ನೆಯ ಒಳಗೆ ನಾಲಿಗೆ ತಾನಾಗಿ ಆ ಖಾಲಿ ಜಾಗಕ್ಕೆ ಹೋಯಿತು. ಹೀಗೆ ತನ್ನ ಮೂರು ವರ್ಷ, ಯಾರಿಗೂ ಬೇಡದ ದಿನಗಳು, ಮಾವನ ಕಣ್ಣಿನ ಆಪರೇಷನ್ನು, ನೀರು ಬಾರದ ವಾರ, ಬಸ್ಸು ತಪ್ಪಿದ ಬೆಳಗು, ಹೆಂಡತಿಯ ಜೊತೆ ಜಗಳವಾಡಿ ಮನೆಗೆ ಹೋಗಲು ಮನಸ್ಸಿಲ್ಲದೆ ಹನಿ ಹನಿ ಇಳಿಸುತ್ತ ಕೂತ ಸಂಜೆ, ಇವೆಲ್ಲ ಯಾರದೋ ಮಗಳ ಪುಟದಲ್ಲಿ ನಿಮಿಷಗಳಾಗಿ ಬಿದ್ದಿವೆ ಎಂಬುದು ಅವನಿಗೆ ವಿಚಿತ್ರವಾಗಿ ಕಂಡಿತು. ಅವನು ಜಗಳವಾಡಿದ ದಿನ ಅವಳ ಪ್ರಯೋಗ ಕೆಟ್ಟಿತ್ತು. ಕೆಟ್ಟಿರಲಿಲ್ಲ, ಸರಿಯಾಗಿತ್ತು. ಯಾವುದು ಕೆಟ್ಟದ್ದು ಯಾವುದು ಸರಿ ಎಂಬುದು ಬಾಯಿಗೆ ಬರುವ ಮೊದಲೇ ತಿರುಗುಮುರುಗಾಗುತ್ತಿತ್ತು.

ಮೂವತ್ತೂ ಮುಗಿದವು. ಹದಿನೇಳು ಗೊತ್ತಿಲ್ಲ. ಹದಿಮೂರಕ್ಕೆ ಉತ್ತರ ಹೇಳಿದ್ದ. ಅವಳು ರಟ್ಟು ಸರಿಸಿ ಒಂದೊಂದನ್ನೇ ತಾಳೆ ನೋಡತೊಡಗಿದಳು. ಅವನು ಕಿಟಕಿಯ ಕಡೆ ಮುಖ ಮಾಡಿ ನಿಂತ. ಹಿಂದೆ ಪೆನ್ಸಿಲಿನ ಸಣ್ಣ ಸದ್ದು, ನಡುವೆ ಒಮ್ಮೆ ನಿಂತು, ಮತ್ತೆ ಶುರುವಾಗಿ, ಇನ್ನೊಮ್ಮೆ ನಿಂತಿತು.

"ಹನ್ನೊಂದು ಸರಿ ಇದೆ," ಎಂದಳು. "ಎರಡು ತಪ್ಪು."

"ಯಾವ್ದು?"

"ಹೇಳಲ್ಲ. ಹೇಳಿದ್ರೆ ತಿದ್ದೋಕೆ ಹೋಗ್ತೀರಿ."

ಅವನಿಗೆ ನಗು ಬಂತು. ಬರಬಾರದ ಹೊತ್ತಿನಲ್ಲಿ ಬಂತು. ತಪ್ಪಿದ ಆ ಎರಡು ಯಾವುವು ಎಂದು ಮನಸ್ಸು ಆಗಲೇ ಕೆದಕತೊಡಗಿತ್ತು, ನೀರು ಬಾರದ ವಾರವೋ, ಬಸ್ಸಿನದೋ; ಆದರೆ ಎರಡು ತಪ್ಪು ಎಂದು ಕೇಳಿದ ಕೂಡಲೇ ಬೆಳಿಗ್ಗೆಯಿಂದ ಮೊದಲ ಸಲ ಉಸಿರು ಪೂರ್ತಿ ಒಳಗೆ ಹೋದಂತಾಯಿತು. ಹನ್ನೊಂದು ಸಾಕೇ, ಆ ಮೂವರು ನಂಬುತ್ತಾರೆಯೇ, ಅವನಿಗೆ ತಿಳಿಯದು. ಅವಳಿಗೂ ತಿಳಿಯದು. ಅವಳು ಪುಟದ ಕೆಳಗೆ ನಾಲ್ಕು ಸಾಲು ಬರೆದು, ಮೇಲೆ ಹೋಗಲು ಅಂಗಿಯ ತೋಳು ಇಳಿಸಿ ಗುಂಡಿ ಹಾಕಿಕೊಂಡಳು. ಆಮೇಲೆ ನೋಟ್‌ಬುಕ್ಕನ್ನೂ ಪೆನ್ನನ್ನೂ ಅವನ ಮುಂದಿಟ್ಟಳು.

"ಸಹಿ ಹಾಕಿ. ನೀವೇ ಹೇಳಿದ್ದು ಅಂತ."

ಹತ್ತೊಂಬತ್ತು ವರ್ಷದಲ್ಲಿ ಈ ಕಟ್ಟಡದ ಯಾವ ನೋಟ್‌ಬುಕ್ಕಿನಲ್ಲೂ ಅವನ ಸಹಿ ಇರಲಿಲ್ಲ. ಪೆನ್ನು ತೆಗೆದುಕೊಂಡು, ಅವಳು ಬೆರಳು ತೋರಿಸಿದ ಜಾಗದಲ್ಲಿ, ಅಕ್ಷರ ಅಕ್ಷರ ಬಿಡಿಸಿ ತನ್ನ ಹೆಸರು ಬರೆದ.

"ತಾರೀಕು," ಎಂದಳು ಅವಳು.

ಅವನು ಪೆನ್ನನ್ನು ಹಾಳೆಯ ಮೇಲೆ ಊರಿ ಯೋಚಿಸಿದ. ಗಡಿಯಾರ ನಾಲ್ಕಕ್ಕೆ ಐದು ನಿಮಿಷ ತೋರಿಸುತ್ತಿತ್ತು. ಇನ್ನೂ ಸ್ವಲ್ಪ ಹೊತ್ತು ಯೋಚಿಸಿದ, ಆಮೇಲೆ ಅವಳ ಮುಖ ನೋಡದೆ ಕೇಳಿದ:

"ಇವತ್ತು ಎಷ್ಟು?"